ಪಶ್ಚಿಮಕ್ಕೆ ಹಸಿರು

೪ ಏಪ್ರಿಲ್

ಪ್ರೀತಿಯ ತಂತಿ,

ನಾವು ಚೆನ್ನಾಗಿದ್ದೇವೆ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ, ಇಲ್ಲ ಎಂದರೆ ನೀನು ಗಾಬರಿಯಾಗುತ್ತೀಯ. ಅದಕ್ಕೆ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಫೋನಿನಲ್ಲಿ ಹೇಳಲು ಆಗುವುದಿಲ್ಲ. ನಿನ್ನ ಭಾವ ಪಕ್ಕದಲ್ಲೇ ಕುಳಿತಿರುತ್ತಾರೆ. ಮಾತು ತಮ್ಮ ಬಗ್ಗೆ ಎಂದು ಗೊತ್ತಾದರೆ ಎರಡು ದಿನ ಮುಖ ಊದಿಸಿಕೊಂಡಿರುತ್ತಾರೆ.

ಜನವರಿಯಲ್ಲಿ ಸ್ಟ್ರೋಕ್ ಆದಮೇಲೆ ಕೈಕಾಲು ಸರಿಹೋಯಿತು, ಮಾತೂ ಸರಿಹೋಯಿತು. ಹೋದದ್ದು ದಾರಿ. ಇಪ್ಪತ್ತೆಂಟು ವರ್ಷ ಈ ಊರಿನ ಮನೆಮನೆಯ ಕರೆಂಟು ಮೀಟರು ಓದಿದ ಮನುಷ್ಯ ಈಗ ಪಾರ್ಕಿನಿಂದ ನಮ್ಮ ಗೇಟಿಗೆ ನಾನೂರು ಹೆಜ್ಜೆ ಬರಲಾರರು. "ರಸ್ತೆ ಕಾಣುತ್ತೆ ಕಣೇ, ಯಾವ ಕಡೆ ಹೋಗ್ಬೇಕು ಅನ್ನೋದು ಕಾಣಲ್ಲ" ಎನ್ನುತ್ತಾರೆ. ಮಿದುಳಿನಲ್ಲಿ ದಾರಿಯ ನೆನಪು ಇಟ್ಟುಕೊಳ್ಳುವ ಜಾಗಕ್ಕೆ ಪೆಟ್ಟು ಬಿದ್ದಿದೆ, ಕೆಲವು ಮುಖಗಳೂ ಜಾರಬಹುದು ಎಂದರು ಡಾಕ್ಟರು. ಅಕ್ಷರ ಜಾರುತ್ತದೆ. ಬಣ್ಣ ಮಾತ್ರ ಚೆನ್ನಾಗಿ ಹೇಳುತ್ತಾರೆ.

ಆದರೂ ಮಧ್ಯಾಹ್ನ ಮೂರಾದರೆ ಚಪ್ಪಲಿ ಮೆಟ್ಟಿ ನಿಂತೇಬಿಡುತ್ತಾರೆ. ಕೈ ಹಿಡಿದರೆ ಅವಮಾನ. ಹಾಗಾಗಿ ಅವರು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ, ಕೈಯಲ್ಲೊಂದು ಚೀಲ, ನನಗೇನೋ ಬೇರೆ ಕೆಲಸ ಇದೆ ಎನ್ನುವ ಹಾಗೆ. ಎರಡು ತಿಂಗಳಾಯಿತು. ಖಾಲಿ ಚೀಲ ಹೊತ್ತು ದಿನಾ ಪಾರ್ಕಿಗೆ ಹೋಗುವ ಹೆಂಗಸಿಗೆ ತಲೆ ಕೆಟ್ಟಿದೆ ಎಂದು ಬೀದಿಯವರು ಅಂದುಕೊಂಡಿರಬೇಕು.

ಮೇ ತಿಂಗಳಲ್ಲಿ ಹತ್ತು ದಿನ ಬಂದು ಇರಲು ಆಗುತ್ತದೆಯೇ? ನನಗೊಂದು ಸಣ್ಣ ಕೆಲಸ ಇದೆ, ಒಂದು ವಾರ ಮನೆಯಿಂದ ಹೊರಗಿರಬೇಕಾಗುತ್ತದೆ. ಅವಸರವೇನಿಲ್ಲ.

ಅಕ್ಕ


೧೩ ಏಪ್ರಿಲ್

ಅಕ್ಕ,

ನಿನ್ನ ಕಾಗದ ಓದಿ ಎರಡು ದಿನ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಮೂರನೆಯ ದಿನ ಒಂದು ಉಪಾಯ ಹೊಳೆಯಿತು. ಭಾವನಿಗೆ ಬಣ್ಣ ಗೊತ್ತಾಗುತ್ತದೆ ಎಂದೆಯಲ್ಲ? ಬಣ್ಣದಲ್ಲೇ ದಿಕ್ಕು ತೋರಿಸುವ ಒಂದು ದಿಕ್ಸೂಚಿ ಮಾಡುತ್ತೇನೆ. ಉಗುರಿನಷ್ಟು ದೊಡ್ಡ ಸೆನ್ಸರ್ ಸಿಗುತ್ತದೆ, ಭೂಮಿಯ ಕಾಂತಶಕ್ತಿಯನ್ನು ಅದು ಹಿಡಿಯುತ್ತದೆ. ಅದರ ಜೊತೆ ಪುಟ್ಟ ಬೋರ್ಡು, ಒಂದು ಬ್ಯಾಟರಿ, ಸುತ್ತ ಎಂಟು ಎಲ್‌ಇಡಿ ದೀಪ. ಅಷ್ಟೇ. ತಕ್ಕಡಿ ರಿಪೇರಿ ಮಾಡಿ ಮಾಡಿ ಕೈ ಜಡ್ಡುಗಟ್ಟಿತ್ತು, ಎಷ್ಟೋ ವರ್ಷದ ಮೇಲೆ ನನ್ನ ಖುಷಿಗೆ ಬೆಸುಗೆ ಕಡ್ಡಿ ಹಿಡಿದಿದ್ದೇನೆ.

ಆ ಮನೆಯಲ್ಲಿ ಆರು ವರ್ಷ ಉಂಡವನು ನಾನು. ಭಾವನ ಸೈಕಲ್ಲಿನ ಡೈನಮೋ ಬಿಚ್ಚಿ ಕೆಡಿಸಿದಾಗ ಒಂದು ಏಟು ಹೊಡೆಯದೆ, ನಗುತ್ತಾ ತಂತಿ ಎಂದು ಹೆಸರಿಟ್ಟವರು ಅವರು. ಇಷ್ಟೂ ಮಾಡದಿದ್ದರೆ ಹೇಗೆ?

ಬರುವುದು ಮಾತ್ರ ಕಷ್ಟ. ಮೇ, ಜೂನ್ ಎರಡೂ ತಿಂಗಳು ಅಂಗಡಿಯವರ ತಕ್ಕಡಿಗಳಿಗೆ ಸರ್ಕಾರಿ ಮುದ್ರೆ ಹಾಕಿಸುವ ಕಾಲ, ಯಜಮಾನರು ತಲೆ ಎತ್ತಲು ಬಿಡುವುದಿಲ್ಲ. ನಿನ್ನ ಸಣ್ಣ ಕೆಲಸ ಪಿಂಚಣಿ ಆಫೀಸಿನದಿರಬೇಕು. ಅದನ್ನೆಲ್ಲ ಈಗ ಅಂಚೆಯಲ್ಲೇ ಮುಗಿಸಬಹುದಂತೆ, ವಿಚಾರಿಸಿದೆ.

ಪಾರ್ಕು ಮನೆಯಿಂದ ಯಾವ ದಿಕ್ಕಿಗೆ? ರಸ್ತೆ ನೇರವಾಗಿದೆಯಾ? ಇವೆರಡು ಕೂಡಲೇ ತಿಳಿಸು.

ನಿನ್ನ ತಂತಿ


೩೦ ಏಪ್ರಿಲ್

ಪ್ರೀತಿಯ ತಂತಿ,

ತಡವಾಯಿತು, ಬೈಯಬೇಡ. ಪೆನ್ನು ಹಿಡಿದರೆ ಕಣ್ಣು ಮುಚ್ಚುತ್ತದೆ.

ರಸ್ತೆ ಗೆರೆ ಎಳೆದ ಹಾಗಿದೆ. ಪಾರ್ಕು ಪೂರ್ವದ ತುದಿಗೆ. ಅಲ್ಲಿಂದ ಮನೆಗೆ ಬರಬೇಕಾದರೆ ಪಶ್ಚಿಮಕ್ಕೆ ಮುಖ. ಇದನ್ನು ಹೇಳಲು ನಾನು ಸಂಜೆಯ ಬಿಸಿಲು ಎಲ್ಲಿ ಬೀಳುತ್ತದೆ ಎಂದು ನೋಡಬೇಕಾಯಿತು. ಮೂವತ್ತು ವರ್ಷ ಇಲ್ಲಿದ್ದೂ ಯಾವತ್ತೂ ಯೋಚಿಸಿರಲಿಲ್ಲ.

ಪಿಂಚಣಿ ಕೆಲಸ ಅಲ್ಲ. ಇರಲಿ. ಜೂನ್ ಕೊನೆಗೆ ಆದರೂ ನಡೆಯುತ್ತದೆ, ಕೇಳಿದ್ದೇನೆ.

ಮೊನ್ನೆ ಇವರು ಬ್ರೆಡ್ ಅಂಗಡಿಯವನ ಗೋಡೆಯ ಮೀಟರು ನೋಡುತ್ತಾ ಅರ್ಧ ಗಂಟೆ ನಿಂತಿದ್ದರು. ಬನ್ನಿ ಎಂದರೆ, "ಸುಮ್ನಿರೇ, ಓದ್ತಾ ಇದೀನಿ" ಅಂದರು. ಅಂಗಡಿಯವನು ನನ್ನ ಮುಖ ನೋಡಿದ. ನಾನು ಚೀಲದೊಳಗೆ ಏನೋ ಹುಡುಕಿದೆ.

ಅಕ್ಕ


೧೯ ಮೇ

ಅಕ್ಕ,

ಜೊತೆಗಿರುವ ಪೆಟ್ಟಿಗೆಯಲ್ಲಿ ದಿಕ್ಸೂಚಿ ಇದೆ. ಹುಷಾರಾಗಿ ಬಿಚ್ಚು. ಉತ್ತರ ಎಲ್ಲಿದೆಯೋ ಆ ಕಡೆಯ ದೀಪ ಕೆಂಪಾಗುತ್ತದೆ, ಪಶ್ಚಿಮದ್ದು ಹಸಿರು, ಪೂರ್ವದ್ದು ಹಳದಿ, ದಕ್ಷಿಣದ್ದು ನೀಲಿ. ನಡುವಿನವು ಬೆರಕೆ ಬಣ್ಣ.

ಇದನ್ನು ಮಾಡುವಷ್ಟರಲ್ಲಿ ನನ್ನ ಬೆವರಿಳಿದುಹೋಯಿತು. ಒಂದು ವಾರ ಉತ್ತರ ನನ್ನ ಎಡಗೈಯ ಕಡೆಗೇ ತೋರಿಸುತ್ತಿತ್ತು, ಮೇಜಿನ ಮೇಲೆ ಅದನ್ನು ಎತ್ತ ತಿರುಗಿಸಿದರೂ ಅಷ್ಟೇ. ಸೆನ್ಸರ್ ಕೆಟ್ಟಿದೆ ಎಂದು ಮೂರು ಸಲ ಬದಲಾಯಿಸಿದೆ. ಕೊನೆಗೆ ನೋಡಿದರೆ ಮೇಜಿನ ಎಡಕ್ಕೆ ತೂಕದ ಬಟ್ಟುಗಳ ರಾಶಿ! ಅಷ್ಟು ಕಬ್ಬಿಣ ಪಕ್ಕದಲ್ಲಿಟ್ಟುಕೊಂಡು ಭೂಮಿಯ ಉತ್ತರ ಹುಡುಕುತ್ತಿದ್ದೆ. ಮಹಡಿಗೆ ಒಯ್ದ ಮೇಲೆ ಸರಿಹೋಯಿತು. ಸ್ಕ್ರೂಗಳನ್ನೂ ಹಿತ್ತಾಳೆಯವು ಹಾಕಿದ್ದೇನೆ.

ಅಲ್ಲಿಗೆ ಬಂದ ಮೇಲೆ ಒಮ್ಮೆ ಹೊಂದಿಸಬೇಕು. ಕಬ್ಬಿಣ ಇಲ್ಲದ ಕಡೆ ನಿಂತು, ಗಾಳಿಯಲ್ಲಿ ಎಂಟರ ಆಕಾರ ಬರೆದ ಹಾಗೆ ಎರಡು ನಿಮಿಷ ನಿಧಾನವಾಗಿ ಆಡಿಸು. ಎರಡು ದಿನಕ್ಕೊಮ್ಮೆ ಚಾರ್ಜ್ ಮಾಡು. ಭಾವ ಏನೆಂದರು, ಒಂದೂ ಬಿಡದೆ ಬರಿ.

ತಂತಿ


೩ ಜೂನ್

ಪ್ರೀತಿಯ ತಂತಿ,

ಕಬ್ಬಿಣ ಇಲ್ಲದ ಕಡೆ ಎಂದೆ. ಈ ಮನೆಯಲ್ಲಿ ಅಂಥ ಜಾಗ ಹುಡುಕಿ ಸುಸ್ತಾದೆ. ಮಂಚ ಕಬ್ಬಿಣ, ಗೇಟು ಕಬ್ಬಿಣ, ಕಿಟಕಿ ಸರಳು ಕಬ್ಬಿಣ. ಕೊನೆಗೆ ಹಿತ್ತಲಲ್ಲಿ ಬಟ್ಟೆ ಒಣಗಿಸುವಲ್ಲಿ ನಿಂತು ಎಂಟು ಬರೆದೆ. ಪಕ್ಕದ ಮನೆಯ ಟೈಲರಮ್ಮ ಗೋಡೆಯಾಚೆಯಿಂದ, "ಏನ್ರೀ, ಯಾರಿಗೆ ದೃಷ್ಟಿ ತೆಗೀತಿದೀರ?" ಅಂದರು. ಒಳಗೆ ಹಾಲು ಉಕ್ಕಿ ಹರಿಯಿತು.

ನಿನ್ನ ಭಾವನಿಗೆ ತುಂಬಾ ಇಷ್ಟವಾಗಿದೆ. ಆದರೆ ಅವರಿಗೆ ಅದು ಮೀಟರು. ಕೈಯಲ್ಲಿ ಹಿಡಿದು, "ಒಂದು ಕೆಂಪು, ಎರಡು ಹಳದಿ, ಒಂದು ನೀಲಿ, ಬರ್ಕೊಳೇ" ಎನ್ನುತ್ತಾರೆ. ಬರೆದುಕೊಂಡೆ. ಎಂಟು ದೀಪದಲ್ಲಿ ಯಾವುದನ್ನು ನೋಡಬೇಕು ಎಂದು ಗೊತ್ತಾಗದೆ ಪಾರ್ಕಿನ ಬಾಗಿಲಲ್ಲಿ ಸುತ್ತ ತಿರುಗುತ್ತಾ ನಿಂತರು, ಅಳು ಬಂದುಬಿಟ್ಟಿತು ಅವರಿಗೆ. ನನಗೂ.

ನೀನು ಕಷ್ಟಪಟ್ಟು ಮಾಡಿದ್ದೀಯ, ನನಗೆ ಗೊತ್ತು. ನನಗೀಗ ಚಾರ್ಜ್ ಮಾಡಬೇಕಾದದ್ದು ಇನ್ನೊಂದು ಬಂತು, ಅಷ್ಟೇ.

ಜೂನ್ ಕೊನೆ ಎಂದಿದ್ದೆನಲ್ಲ, ಅದನ್ನು ಮುಂದಕ್ಕೆ ಹಾಕಿಸಿಕೊಂಡಿದ್ದೇನೆ.

ಅಕ್ಕ


೨೧ ಜೂನ್

ಅಕ್ಕ,

ತಪ್ಪು ನನ್ನದೇ. ನಾನು ರಿಪೇರಿಯವನ ಕಣ್ಣಿನಿಂದ ನೋಡಿದೆ, ಭಾವನ ಕಣ್ಣಿನಿಂದ ನೋಡಲಿಲ್ಲ. ಈ ಸಲ ಒಂದೇ ದೀಪ. ಮನೆಯ ಕಡೆ, ಅಂದರೆ ಪಶ್ಚಿಮಕ್ಕೆ ಮುಖ ಮಾಡಿದರೆ ಹಸಿರು. ಬೆನ್ನು ಮಾಡಿದರೆ ಕೆಂಪು. ಅಡ್ಡ ನಿಂತರೆ ಹಳದಿ. ಹಸಿರು ಬರುವ ತನಕ ತಿರುಗು, ಹಸಿರು ಇರುವಷ್ಟು ಹೊತ್ತು ನಡೆ, ಮುಗಿಯಿತು. ಕೈ ಓರೆಯಾದರೂ ಲೆಕ್ಕ ತಪ್ಪದಂತೆ ಇನ್ನೊಂದು ಸೆನ್ಸರ್ ಸೇರಿಸಿದ್ದೇನೆ. ಮಣಿಕಟ್ಟಿಗೆ ಕಟ್ಟಲು ಬಟ್ಟೆಯ ಪಟ್ಟಿ ಟೈಲರಮ್ಮನ ಹತ್ತಿರ ಹೊಲಿಸು. ಲೋಹದ ಕೊಕ್ಕೆ ಬೇಡ, ಪ್ಲಾಸ್ಟಿಕ್ ಗುಂಡಿ ಇರಲಿ.

ಸೂಚನೆಗಳನ್ನು ಬೇರೆ ಹಾಳೆಯಲ್ಲಿ ಹನ್ನೊಂದು ಅಂಶ ಮಾಡಿ ಬರೆದಿದ್ದೇನೆ. ಎಲ್ಲವನ್ನೂ ಓದು.

ಜುಲೈಯಲ್ಲಿ ಬರಲು ನೋಡುತ್ತೇನೆ, ಮಾತು ಕೊಡುವುದಿಲ್ಲ. ಇದು ಕೆಲಸ ಮಾಡಿದರೆ ಬರುವ ಅಗತ್ಯವೇ ಬೀಳಲಾರದು.

ತಂತಿ


೮ ಜುಲೈ

ಪ್ರೀತಿಯ ತಂತಿ,

ಕೆಲಸ ಮಾಡಿತು!

ಪಾರ್ಕಿನ ಬಾಗಿಲಲ್ಲಿ ನಿಂತರು, ಕೈ ನೋಡಿಕೊಂಡರು, ತಿರುಗಿದರು. ಹಸಿರು. ನಡೆದೇ ನಡೆದರು. ನಮ್ಮ ಗೇಟು ಕಂಡ ಕೂಡಲೇ ಅದರ ಮೇಲೆ ಕೈಯಿಟ್ಟು ನಿಂತು, ಹಿಂದೆ ಬರುತ್ತಿದ್ದ ನನಗೆ, "ನೋಡ್ದ್ಯಾ? ನಿನ್ನ ತಂತಿ ಬುದ್ಧಿವಂತ" ಅಂದರು. ನಿನ್ನ ಹೆಸರು ತಾವಾಗಿಯೇ ಹೇಳಿದ್ದು ಜನವರಿಯ ನಂತರ ಇದೇ ಮೊದಲು. ಆರು ದಿನದಿಂದ ದಿನವೂ ಹೀಗೆಯೇ. ನಾನು ಹತ್ತು ಹೆಜ್ಜೆಯ ಬದಲು ಐವತ್ತು ಹೆಜ್ಜೆ ಹಿಂದೆ ಬರುತ್ತೇನೆ. ನಿನ್ನೆ ಪಾರ್ಕಿನ ಬೆಂಚಿನ ಮೇಲೆ ಸುಮ್ಮನೆ ಕುಳಿತಿದ್ದೆ, ಏನೂ ಮಾಡದೆ. ನನ್ನ ಕೈಗಳನ್ನೇ ನೋಡಿಕೊಂಡೆ.

ಸೂಚನೆಗಳಲ್ಲಿ ಐದನೆಯದರ ತನಕ ಓದಿದ್ದೇನೆ. ಉಳಿದದ್ದನ್ನು ಪುರುಸೊತ್ತಾದಾಗ ಓದುತ್ತೇನೆ.

ನೀನು ಈ ತಿಂಗಳು ಬರುತ್ತೀಯಾ ಇಲ್ಲವಾ, ಎರಡರಲ್ಲಿ ಒಂದು ಹೇಳಿದರೆ ನಾನು ಅವರಿಗೆ ತಿಳಿಸಬಹುದು.

ಅಕ್ಕ


೨೯ ಜುಲೈ

ತಂತಿ,

ಮೂರು ವಾರದಿಂದ ನಿನ್ನ ಕಾಗದವಿಲ್ಲ. ಇರಲಿ, ಇದನ್ನು ಓದು.

ಮೊನ್ನೆ ಗುರುವಾರ ಮೂರು ಗಂಟೆಗೆ ಇವರು ಚಪ್ಪಲಿ ಮೆಟ್ಟಿದರು. ನನಗೆ ಎದ್ದು ನಿಲ್ಲಲು ಆಗಲಿಲ್ಲ. ಕೈಯಲ್ಲಿ ದೀಪ ಇದೆಯಲ್ಲ, ಹೋಗಿ ಬರಲಿ ಎಂದುಕೊಂಡೆ. "ಬೇಗ ಬನ್ನಿ" ಎಂದೆ. "ಹ್ಞೂಂ" ಎಂದರು. ದಿಂಬಿಗೆ ತಲೆ ಕೊಟ್ಟದ್ದಷ್ಟೇ ನೆನಪು.

ಎದ್ದಾಗ ಆರು ಗಂಟೆ. ಮನೆ ಖಾಲಿ.

ಟೈಲರಮ್ಮ ಒಂದು ಕಡೆ, ನಾನು ಒಂದು ಕಡೆ ಓಡಿದೆವು. ಪಾರ್ಕಿನಲ್ಲಿ ಇಲ್ಲ. ಬ್ರೆಡ್ ಅಂಗಡಿಯವನು ನಾಲ್ಕು ಗಂಟೆಗೇ ಅವರು ವಾಪಸು ಮನೆ ಕಡೆ ಹೋದದ್ದನ್ನು ನೋಡಿದ್ದನಂತೆ. ಅವರು ಮನೆ ಕಡೆಯೇ ಬಂದರು ತಂತಿ. ಗೇಟಿನ ಮುಂದೆ ನೀರಿನ ಲಾರಿ ನಿಂತಿತ್ತು, ಗೇಟು ಕಾಣಿಸಿಲ್ಲ. ದೀಪ ಹಸಿರಾಗಿಯೇ ಇತ್ತು. ಅದಕ್ಕೆ ಮುಂದೆ ನಡೆದರು. ಹಸಿರು ಹೋಗಲಿಲ್ಲ, ಅವರೂ ನಿಲ್ಲಲಿಲ್ಲ. ಊರು ದಾಟಿ, ಹೆದ್ದಾರಿ ಸೇರಿ, ಐದು ಕಿಲೋಮೀಟರ್. ಪೆಟ್ರೋಲ್ ಬಂಕಿನ ಹೆಂಗಸು ಅವರನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ಕೈಪಟ್ಟಿಯ ಮೇಲೆ ಟೈಲರಮ್ಮ ಹೊಲಿದಿದ್ದ ನನ್ನ ನಂಬರಿಗೆ ಫೋನ್ ಮಾಡಿದಳು. ಒಂದು ಚಪ್ಪಲಿ ಇರಲಿಲ್ಲ. ಹಿಮ್ಮಡಿ ಒಡೆದು ರಕ್ತ.

"ಹಸಿರು ಇತ್ತಲ್ಲೇ, ಅದಕ್ಕೇ ನಡೀತಾನೇ ಇದ್ದೆ. ನಮ್ಮನೆ ಇಷ್ಟು ದೂರ ಯಾವಾಗ ಹೋಯ್ತು?" ಅಂದರು.

ಬಂದ ಮೇಲೆ ನಿನ್ನ ಸೂಚನೆಯ ಹಾಳೆ ತೆಗೆದೆ. ಒಂಬತ್ತನೆಯದು: "ಇದು ದಿಕ್ಕು ಮಾತ್ರ ತೋರಿಸುತ್ತದೆ, ಮನೆ ತೋರಿಸುವುದಿಲ್ಲ."

ಇನ್ನೊಂದು ಮಾತು. ಯಾರಿಗೂ ಹೇಳಿಲ್ಲ. ಅವರು ಹೆದ್ದಾರಿಯಲ್ಲಿ ಒಂದೇ ಚಪ್ಪಲಿಯಲ್ಲಿ ನಡೆಯುತ್ತಿದ್ದಾಗ ನಾನು ಮಲಗಿದ ಆ ಮೂರು ಗಂಟೆಯ ನಿದ್ದೆ ಇದೆಯಲ್ಲ, ಅಂಥ ನಿದ್ದೆ ಈ ವರ್ಷದಲ್ಲೇ ಬಂದಿರಲಿಲ್ಲ.

ಅಕ್ಕ


೬ ಆಗಸ್ಟ್

ಅಕ್ಕ,

ಓದಿ ಜೀವ ಬಾಯಿಗೆ ಬಂತು. ಒಂಬತ್ತನೆಯ ಅಂಶವನ್ನು ಮೊದಲನೆಯದಾಗಿ, ಕೆಂಪಿನಲ್ಲಿ ಬರೆಯಬೇಕಿತ್ತು. ಬರೆಯುವಾಗ ಗೊತ್ತಿತ್ತು ನನಗೆ. ಮೇಲೆ ಬರೆದರೆ ಈ ದಿಕ್ಸೂಚಿ ಅರ್ಧ ಉಪಯೋಗದ್ದು ಎಂದು ನಿನಗೆ ಅನ್ನಿಸಿಬಿಡುತ್ತದೆ ಎಂದು ಕೆಳಗೆ ಬರೆದೆ.

ಆದರೆ ಇದಕ್ಕೆ ದಾರಿ ಇದೆ. ಉಪಗ್ರಹದಿಂದ ಜಾಗ ತಿಳಿಯುವ ಇನ್ನೊಂದು ಬೋರ್ಡು ಸೇರಿಸಿದರೆ ಮನೆ ಎಲ್ಲಿದೆಯೋ ಅಲ್ಲಿಗೇ ಹಸಿರು, ದಾಟಿದರೆ ಕೆಂಪು. ಗಾತ್ರ ಸ್ವಲ್ಪ ದೊಡ್ಡದಾಗುತ್ತದೆ, ದಿನವೂ ಚಾರ್ಜ್ ಮಾಡಬೇಕಾಗುತ್ತದೆ, ಅಷ್ಟೇ. ಮೂರು ವಾರ ಕೊಡು. ಅಲ್ಲಿಯ ತನಕ ಭಾವನನ್ನು ಒಬ್ಬರನ್ನೇ ಬಿಡಬೇಡ.

ತಂತಿ


೧೧ ಆಗಸ್ಟ್

ತಂತಿ,

ಬೇಡ. ಇನ್ನೊಂದು ಪೆಟ್ಟಿಗೆ ಈ ಮನೆಗೆ ಬಂದರೆ ಬಿಚ್ಚದೆ ವಾಪಸು ಕಳಿಸುತ್ತೇನೆ.

ಏಪ್ರಿಲ್‌ನಿಂದ ನಾನು ನಿನ್ನ ಹತ್ತಿರ ಕೇಳಿದ್ದು ಒಂದೇ. ನೀನು ದೀಪ ಕಳಿಸಿದೆ. ನಾನು ಮತ್ತೆ ಕೇಳಿದೆ. ಇನ್ನೊಂದು ದೀಪ ಕಳಿಸಿದೆ. ನಾನು ದೀಪ ಕೇಳಿರಲಿಲ್ಲ ಕಣೋ. ನಿನ್ನನ್ನು ಕೇಳಿದ್ದೆ. ನನಗೆ ಮಕ್ಕಳಿಲ್ಲ, ಬೇರೆ ಯಾರನ್ನು ಕೇಳಲಿ?

ಸಣ್ಣ ಕೆಲಸ ಅಂದೆನಲ್ಲ, ಗರ್ಭಕೋಶ ತೆಗೆಸಬೇಕು. ಮಾರ್ಚ್‌ನಿಂದ ರಕ್ತಸ್ರಾವ ನಿಂತಿಲ್ಲ. ತಮ್ಮನಿಗೆ ಇದನ್ನೆಲ್ಲ ಹೇಗೆ ಬರೆಯುವುದು ಎಂದು ನಾಚಿಕೆ. ಆಸ್ಪತ್ರೆಯವರು ಮೂರು ತಾರೀಕು ಕೊಟ್ಟರು, ಮೂರೂ ತಪ್ಪಿಸಿದೆ. ಈಗ ಸೆಪ್ಟೆಂಬರ್ ಎರಡು ಎಂದಿದ್ದಾರೆ. "ಇದನ್ನೂ ಬಿಟ್ರೆ ಆಮೇಲೆ ನಮ್ಮನ್ನ ಕೇಳ್ಬೇಡಿ" ಎಂದಿದ್ದಾರೆ ಲೇಡಿ ಡಾಕ್ಟರು.

ಮಲಗಿದರೆ ಏಳಲಾಗುತ್ತಿಲ್ಲ. ಎದ್ದರೆ ನಿಲ್ಲಲಾಗುತ್ತಿಲ್ಲ. ಬರುತ್ತೀಯೋ ಇಲ್ಲವೋ ಬರಿ. ಬೇರೆ ಏನೂ ಬರೆಯಬೇಡ.

ಅಕ್ಕ


೧೮ ಆಗಸ್ಟ್

ಅಕ್ಕ,

ಬರುತ್ತೇನೆ. ಮೂವತ್ತಕ್ಕೆ ಅಲ್ಲಿರುತ್ತೇನೆ.

ಬೇರೆ ಏನೂ ಬರೆಯಬೇಡ ಎಂದೆ. ಆದರೆ ಇದನ್ನು ಬರೆಯದೆ ನಿನ್ನ ಮುಖ ನೋಡಲಾರೆ. ಮುದ್ರೆ ಹಾಕಿಸುವ ಕಾಲ ಎಂದದ್ದು ನೆಪ. ಅದು ಹದಿನೈದು ದಿನದ ಕೆಲಸ, ರಜೆ ಕೇಳಿದ್ದರೆ ಯಜಮಾನರು ಕೊಡುತ್ತಿದ್ದರು.

ಮಾರ್ಚ್‌ನಲ್ಲಿ ನಾನು ಬಂದಿದ್ದೆ. ನಿನಗೆ ತಿಳಿಸದೆ ಬರೋಣ, ಖುಷಿಪಡುತ್ತೀಯ ಎಂದು ಹಣ್ಣು ಹಿಡಿದುಕೊಂಡು ಬಂದೆ. ಭಾವ ಗೇಟಿನ ಒಳಗೆ ಗಿಡಕ್ಕೆ ನೀರು ಹಾಕುತ್ತಿದ್ದರು. ನನ್ನನ್ನು ನೋಡಿದರು. ಕೊಳವೆ ಕೆಳಗಿಟ್ಟು, ತುಂಬಾ ಮರ್ಯಾದೆಯಿಂದ, "ಯಾರು ಬೇಕಾಗಿತ್ತು?" ಎಂದು ಕೇಳಿದರು. ನಾನು ಬಾಯಿ ತೆರೆದೆ. "ತಪ್ಪು ಮನೆಗೆ ಬಂದೆ ಅನ್ಸುತ್ತೆ" ಎಂದೆ. "ಪರವಾಗಿಲ್ಲ, ಪರವಾಗಿಲ್ಲ" ಎಂದರು. ನಾನು ಬಸ್ ನಿಲ್ದಾಣಕ್ಕೆ ಹೋಗಿ ಸಿಕ್ಕಿದ ಬಸ್ಸು ಹತ್ತಿದೆ. ಒಳಗೆ ನೀನು ಕುಕ್ಕರ್ ಇಟ್ಟ ಸದ್ದು ಕೇಳುತ್ತಿತ್ತು ಅಕ್ಕ. ಅಷ್ಟು ಹತ್ತಿರ ಬಂದಿದ್ದೆ.

ನನ್ನನ್ನು ಸಾಕಿದ ಮನುಷ್ಯ ಇನ್ನೊಮ್ಮೆ ಹಾಗೆ ಕೇಳಿದರೆ ತಡೆದುಕೊಳ್ಳಲಾರೆ ಎಂದು ಇಲ್ಲೇ ಕುಳಿತು ಬೆಸುಗೆ ಹಾಕಿದೆ. ನಿನ್ನ ಬಗ್ಗೆ ಯೋಚಿಸಲೇ ಇಲ್ಲ.

ತಂತಿ


೫ ಸೆಪ್ಟೆಂಬರ್, ಆಸ್ಪತ್ರೆ

ತಂತಿ,

ಟೈಲರಮ್ಮನ ಕೈಯಲ್ಲಿ ಈ ಚೀಟಿ ಕಳಿಸುತ್ತಿದ್ದೇನೆ. ಆಪರೇಷನ್ ಚೆನ್ನಾಗಿ ಆಯಿತು. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ್ದರು, ಕೆಟ್ಟದ್ದೇನೂ ಇಲ್ಲವಂತೆ. ನಗಬಾರದು, ಕೆಮ್ಮಬಾರದು, ಆರು ವಾರ ಕೊಡ ಎತ್ತಬಾರದು.

ನೀನು ಬಂದ ದಿನ ನಿನ್ನ ಮೇಲೆ ರೇಗಿದೆ. ಮಾರ್ಚ್ ವಿಷಯ ಓದಿದ ದಿನ ನನಗೆ ಎಷ್ಟು ಸಿಟ್ಟು ಬಂತು ಎಂದರೆ, ನೀನು ಎದುರಿಗಿದ್ದಿದ್ದರೆ ಸೌಟು ಬೀಸುತ್ತಿದ್ದೆ. ಮರುದಿನ ಇವರು ನನ್ನನ್ನೇ, "ನೀವು ಯಾವಾಗ ಬಂದ್ರಿ?" ಎಂದು ಕೇಳಿದರು. ಮೊದಲ ಸಲ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕುಳಿತೆ. ಆಮೇಲೆ ನಿನ್ನ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು. ಪೂರ್ತಿ ಇಳಿದಿಲ್ಲ.

ಇವರ ಬಿಳಿ ಮಾತ್ರೆ ಊಟಕ್ಕೆ ಮುಂಚೆ. ಅನ್ನ ಮೆತ್ತಗಿರಲಿ. ಹೇಗಿದ್ದಾರೆ? ಹೇಗಿದ್ದೀಯ? ಸುಳ್ಳು ಬರೆಯಬೇಡ.

ಅಕ್ಕ


೭ ಸೆಪ್ಟೆಂಬರ್

ಅಕ್ಕ,

ಸುಳ್ಳು ಬರೆಯುವಷ್ಟು ಶಕ್ತಿ ಉಳಿದಿಲ್ಲ.

ಒಂದು ವಾರ ಆಯಿತು. ನನಗೆ ಸೊಂಟ ನೋವು, ಕಣ್ಣುರಿ. ಬೆಳಿಗ್ಗೆ ಹಲ್ಲುಜ್ಜಿದೆನೋ ಇಲ್ಲವೋ ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಬಿಳಿ ಮಾತ್ರೆ ಒಂದು ಸಲ ಊಟದ ನಂತರ ಕೊಟ್ಟೆ, ಕ್ಷಮಿಸು. ಅನ್ನ ಎರಡು ಸಲ ತಳ ಹಿಡಿಯಿತು. ನೀನು ಏಳು ತಿಂಗಳು ಇದನ್ನು ಹೇಗೆ ಮಾಡಿದೆ ಎಂದು ಕೇಳುವ ಯೋಗ್ಯತೆ ನನಗಿಲ್ಲ. ದಿಕ್ಸೂಚಿ ಚಾರ್ಜ್ ಮಾಡಲು ಮರೆತು ಮೂರು ದಿನವಾಯಿತು, ಭಾವ ಕೇಳಲೂ ಇಲ್ಲ.

ಭಾವನಿಗೆ ನಾನು ಯಾರೆಂದು ಗೊತ್ತಿಲ್ಲ. ಮೊದಲ ದಿನ ಕೇಳಿದರು, ಯಾವ ಪ್ರಶ್ನೆಗೆ ಹೆದರಿ ಐದು ತಿಂಗಳು ಕಳೆದೆನೋ ಅದನ್ನೇ. "ನಾನು ನಿಮ್ಮ ತಂತಿ" ಎಂದೆ. "ಓಹೋ" ಎಂದರು, ಅಷ್ಟೇ. ತುಂಬಾ ನೋವಾಯಿತು. ಆಮೇಲೆ ಅವರಿಗೆ ಕಾಫಿ ಬೇಕಾಗಿತ್ತು, ಮಾಡಲು ಎದ್ದೆ. ಮರುದಿನ ಮತ್ತೆ ಕೇಳಿದರು. ಮತ್ತೆ ಹೇಳಿದೆ. ಈಗ ದಿನಕ್ಕೆರಡು ಸಲ ಹೇಳುತ್ತೇನೆ.

ನಿನ್ನೆ ಪಾರ್ಕಿನಲ್ಲಿ ಬೆಂಚಿನ ಮೇಲೆ ಕುಳಿತವನಿಗೆ ಹಾಗೇ ಕಣ್ಣು ಹತ್ತಿತು. ಎಷ್ಟು ಹೊತ್ತೋ ಗೊತ್ತಿಲ್ಲ. ಬೆಚ್ಚಿ ಎದ್ದು ನೋಡಿದರೆ ಭಾವ ಎಲ್ಲಿಗೂ ಹೋಗಿರಲಿಲ್ಲ. ಪಕ್ಕದಲ್ಲೇ ಕುಳಿತು, ನನ್ನ ಮುಖಕ್ಕೆ ಬೀಳುತ್ತಿದ್ದ ಬಿಸಿಲಿಗೆ ಕೈ ಅಡ್ಡ ಹಿಡಿದಿದ್ದರು.

"ಎದ್ರಾ? ತುಂಬಾ ದಣಿದಿದೀರಿ ನೀವು" ಎಂದರು. "ನಿಮ್ಮನೆ ಎಲ್ಲಿ ಹೇಳಿ, ಬಿಟ್ಟು ಬರ್ತೀನಿ."

ಹೇಳಿದೆ. ಬ್ರೆಡ್ ಅಂಗಡಿ ದಾಟಿ, ಟೈಲರಮ್ಮನ ಮನೆಯ ಪಕ್ಕ ಎಂದೆ. "ಗೊತ್ತು ಗೊತ್ತು, ಅಲ್ಲಿ ಮೀಟರು ಬಾಗಿಲ ಬಲಕ್ಕಿದೆ" ಎಂದು ನನ್ನ ಕೈ ಹಿಡಿದುಕೊಂಡು ಹೊರಟರು. ಎರಡು ಕಡೆ ಅಡ್ಡರಸ್ತೆಗೆ ತಿರುಗಿ ದಾರಿ ತಪ್ಪಿದರು. ನಾನು ತಿದ್ದಲಿಲ್ಲ, ಅವರು ಹೋದ ಕಡೆ ಹೋದೆ. ನಾನೂರು ಹೆಜ್ಜೆಗೆ ಒಂದು ಗಂಟೆ ಹಿಡಿಯಿತು.

ಸೋಮವಾರ ನಿನ್ನನ್ನು ಮನೆಗೆ ಕಳಿಸುತ್ತಾರಂತೆ. ಡಾಕ್ಟರಿಗೆ ಹೇಳಿ ಇನ್ನೂ ಎರಡು ದಿನ ಅಲ್ಲೇ ಇರು, ಮಲಗು. ಯಜಮಾನರಿಗೆ ಫೋನ್ ಮಾಡಿ ನವೆಂಬರ್ ತನಕ ಬರುವುದಿಲ್ಲ ಎಂದಿದ್ದೇನೆ. ಬೇರೆ ಜನ ನೋಡಿಕೊಳ್ಳುತ್ತೇನೆ ಎಂದರು. ನೋಡಿಕೊಳ್ಳಲಿ.

ಮೂರು ಗಂಟೆಯಾಯಿತು. ಚಪ್ಪಲಿ ಸದ್ದು ಕೇಳುತ್ತಿದೆ. ಏಳಬೇಕು.

ತಂತಿ